ಮಾತ್ರೆಗೆ ದುಡ್ಡು, ಮಾತಿಗೆ?

ಹೋದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ನಾನಿರುವ ಇಂಗ್ಲೆಂಡಿನ ಲೀಡ್ಸ್‌ನ ಬೇಸಿಗೆ ಅಂದರೆ ನಮ್ಮೂರ ಡಿಸೆಂಬರ್ ಇದ್ದ ಹಾಗೆ. ಮೂರನೇ ದಿನಕ್ಕೇ ಅವರಿಗೆ ಮೂಗು ಕಟ್ಟಿತು. ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ನೆಗಡಿ ಮಾತ್ರೆ ಕೇಳಿದೆ. ಅಲ್ಲಿದ್ದ ಫಾರ್ಮಸಿಸ್ಟ್ ಕೊಡಲಿಲ್ಲ. ಯಾರಿಗೆ, ವಯಸ್ಸೆಷ್ಟು, ಬೇರೆ ಏನು ಮಾತ್ರೆ ತಗೊಳ್ಳುತ್ತಾರೆ ಅಂತ ಶುರು ಮಾಡಿದರು. ಬಿಪಿ ಇದೆ ಅಂದ ತಕ್ಷಣ ಕೈಯಲ್ಲಿದ್ದ ಪ್ಯಾಕನ್ನು ವಾಪಸ್ ಇಟ್ಟರು. ಮೂಗು ಬಿಡಿಸುವ ಔಷಧ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬಿಪಿ ಏರಬಹುದು, ಹಬೆ ತಗೊಂಡರೆ ಸಾಕು ಅಂದರು. ಏನೂ ಮಾರದೆ ನನ್ನನ್ನು ಕಳಿಸಿದರು. ಹೋಗುವಾಗ, ನಾಳೆ ಅಮ್ಮನನ್ನು ಅವರ ಮಾತ್ರೆಗಳ ಸಮೇತ ಕರೆತನ್ನಿ ಅಂದರು.

ಮಾರನೆಯ ದಿನ ಅಂಗಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ಕೂತೆವು. ಇಲ್ಲಿನ ಹೆಚ್ಚಿನ ಔಷಧಿ ಅಂಗಡಿಗಳಲ್ಲಿ ಇಂಥದ್ದೊಂದು ಕೋಣೆ ಇರುತ್ತದೆ. ಅಮ್ಮ ತಮ್ಮ ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲೆ ಬಗ್ಗಿಸಿದರು. ನಾನು ನಡುವೆ ದುಭಾಷಿ.

"ಥೈರಾಯ್ಡ್ ಮಾತ್ರೆ ಯಾವಾಗ ತಗೋತೀರಿ?"

"ಬೆಳಿಗ್ಗೆ, ಕಾಫಿ ಜೊತೆ."

"ಕ್ಯಾಲ್ಸಿಯಂ?"

"ಅದೂ ಆಗಲೇ. ಒಟ್ಟಿಗೆ ನುಂಗಿಬಿಟ್ರೆ ಮರೆಯೋದಿಲ್ಲ ಅಲ್ವಾ?"

ಫಾರ್ಮಸಿಸ್ಟ್ ನಗಲಿಲ್ಲ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಹೋಗಬೇಕು, ಕಾಫಿಗೆ ಕನಿಷ್ಠ 30 ನಿಮಿಷ ಕಾಯಬೇಕು, ಕ್ಯಾಲ್ಸಿಯಂಗೆ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಬಿಡಿಸಿ ಹೇಳಿದರು. ಅಮ್ಮ ಒಂಬತ್ತು ವರ್ಷದಿಂದ ಆ ಮಾತ್ರೆ ನುಂಗುತ್ತಿದ್ದಾರೆ. ಡೋಸ್ ಎರಡು ಸಲ ಜಾಸ್ತಿಯಾಗಿದೆ. ಕಾಫಿಯದೇ ತಪ್ಪು ಅಂತ ನಾನು ಹೇಳಲಾರೆ. ಆದರೆ ಕಾಫಿ ವಿಷಯ ಅವರನ್ನು ಯಾರೂ ಕೇಳಿರಲೇ ಇಲ್ಲ.

ಇದನ್ನು ಕೇಳಿದ ಗೆಳೆಯರು "ಅಲ್ಲಿಯವರು ಓದಿದವರು, ನಮ್ಮವರು ಬರೀ ವ್ಯಾಪಾರಿಗಳು" ಅನ್ನುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ನಮ್ಮಲ್ಲೂ ಫಾರ್ಮಸಿ ಓದಿದವರು ಬೇಕಾದಷ್ಟಿದ್ದಾರೆ. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ 1997ರಲ್ಲೇ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರ ತೆರೆದಿತ್ತು. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟ್ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೂ ಹೇಳುತ್ತವೆ. ಓದೂ ಇದೆ, ಕಾನೂನೂ ಇದೆ. ಇಲ್ಲದಿರುವುದು ಆ ಮಾತಿಗೆ ದುಡ್ಡು.

ಇಲ್ಲಿ ಇದೆ. ನನಗೆ ಬಿಪಿ ಮಾತ್ರೆ ಶುರುವಾದಾಗ ಹತ್ತನೇ ದಿನ ಅಂಗಡಿಯಿಂದ ಫೋನ್ ಬಂತು. ಏನೋ ಮಾರೋಕೆ ಮಾಡಿದ್ದಾರೆ ಅಂದುಕೊಂಡೆ. ಪಾದದ ಗಂಟು ಊದಿದೆಯಾ, ತಲೆನೋವು ಬರುತ್ತಾ, ಎಷ್ಟು ದಿನ ತಪ್ಪಿಸಿದಿರಿ ಅಂತ ಕೇಳಿದರು. ಎರಡು ದಿನ ತಪ್ಪಿಸಿದ್ದೆ, ಒಪ್ಪಿಕೊಂಡೆ. ಮೂರು ವಾರ ಬಿಟ್ಟು ಮತ್ತೆ ಮಾಡಿದರು. ಇದಕ್ಕೆ ನ್ಯೂ ಮೆಡಿಸಿನ್ ಸರ್ವಿಸ್ ಅಂತ ಹೆಸರು, ಇಂಗ್ಲೆಂಡಿನಲ್ಲಿ 2011ರಿಂದ ನಡೆಯುತ್ತಿದೆ. ರೋಗಿ ಏನೂ ಕೊಡಬೇಕಿಲ್ಲ. ಆ ಮಾತುಕತೆಗೆ ಸರ್ಕಾರದ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಅಂಗಡಿಗೆ ದುಡ್ಡು ಕೊಡುತ್ತದೆ. ಹಾಸನದ ಅಂಗಡಿಯವನಿಗೆ ದುಡ್ಡು ಹುಟ್ಟುವುದು ಸ್ಟ್ರಿಪ್ ಮಾರಿದಾಗ ಮಾತ್ರ. ಅಮ್ಮನ ಜೊತೆ ಹತ್ತು ನಿಮಿಷ ಮಾತಾಡಿದರೆ ಹಿಂದೆ ಸಾಲಿನಲ್ಲಿರುವ ಐದು ಜನ ಪಕ್ಕದಂಗಡಿಗೆ ಹೋಗುತ್ತಾರೆ. ಅವನನ್ನು ಬೈದು ಏನು ಬಂತು?

ಇಲ್ಲಿ ಎಲ್ಲವೂ ಚೆನ್ನ ಅಂತಲ್ಲ. ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ಕೆಲವು ಸಲ ಮಾತ್ರೆಯೇ ಇರುವುದಿಲ್ಲ. ಇನ್ನು ಡಬ್ಬಿಯೊಳಗಿನ ಆ ಮಡಚಿದ ಕಾಗದ! ಇರುವೆ ಸಾಲಿನಂಥ ಅಕ್ಷರ, ಎಲ್ಲ ಇಂಗ್ಲಿಷ್. ನನ್ನ ಮಾತ್ರೆಯ ಕಾಗದದಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತಿತ್ತು. ಅಮ್ಮನಿಗೆ ಅರ್ಥ ಹೇಳಿದಾಗ "ನಮ್ಮ ಚಕ್ಕೋತದ ಥರನಾ?" ಅಂದರು. ಹೌದು, ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ್ದೇ ಗ್ರೇಪ್‌ಫ್ರೂಟ್. ಮಾತ್ರೆಗೆ ತೊಂದರೆ ಕೊಡುವ ಅಂಶ ಚಕ್ಕೋತದಲ್ಲೂ ಇದೆ. ಆದರೆ ಕಾಗದದಲ್ಲಿ ಚಕ್ಕೋತದ ಸುದ್ದಿಯೇ ಇಲ್ಲ.

ಈ ವಿಷಯದಲ್ಲಿ ನಮ್ಮೂರಿನವರೇ ಜಾಣರು. ಕವರಿನ ಮೇಲೆ ಪೆನ್ನಿನಲ್ಲಿ 1-0-1 ಅಂತ ಗೀಚಿದರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ. ಇಲ್ಲಿನ ಲೇಬಲ್ ನೋಡಿ ಅಮ್ಮ, "ಇಷ್ಟು ದೊಡ್ಡ ಅಂಗಡಿ, ಒಂದು ಸೊನ್ನೆ ಒಂದು ಬರೆಯೋಕೆ ಬರಲ್ವಾ?" ಅಂದಿದ್ದರು.

ಈಗ ಅವರು ಹಾಸನದಲ್ಲಿದ್ದಾರೆ. ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟು ಮಾತ್ರೆ ನುಂಗುತ್ತಾರೆ, ಆರಕ್ಕೆ ಕಾಫಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಗಿದೆ. ಮೊನ್ನೆ ಫೋನಿನಲ್ಲಿ ಹೇಳಿದರು: ಮೆಡಿಕಲ್ ಶಾಪಿನಲ್ಲಿ ಪಕ್ಕದ ಮನೆಯಾಕೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರಂತೆ. ಅಮ್ಮ ಅಲ್ಲೇ ನಿಲ್ಲಿಸಿಕೊಂಡು ಕಾಫಿ ಯಾವಾಗ ಕುಡೀತೀಯಾ ಅಂತ ವಿಚಾರಣೆ ಶುರು ಮಾಡಿದರಂತೆ. ಅಂಗಡಿಯ ಹುಡುಗ ಬಿಲ್ ಮಾಡುವುದನ್ನು ನಿಲ್ಲಿಸಿ, "ಹೌದಾ ಅಮ್ಮಾ, ಎಷ್ಟು ಹೊತ್ತು ಬಿಡಬೇಕು?" ಅಂತ ಕೇಳಿದನಂತೆ.