ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು

ಮನೆಯಿಂದ ಹೊರಡುವಾಗ ಯಾರಾದರೂ ಬಾಯಿತಪ್ಪಿ "ಹೋಗ್ತೀನಿ" ಅಂದರೆ ನಮ್ಮಜ್ಜಿ ಸುಮ್ಮನೆ ಬಿಡುತ್ತಿರಲಿಲ್ಲ. "ಹಾಗನ್ನಬಾರದು ಕಣೋ, ಹೋಗಿ ಬರ್ತೀನಿ ಅನ್ನು" ಎಂದು ತಿದ್ದಿಸಿಯೇ ಹೊಸ್ತಿಲು ದಾಟಿಸುತ್ತಿದ್ದರು. ರಾಕ್ ಸಂಗೀತ ಅಂದರೆ ಏನೆಂದು ಅಜ್ಜಿಗೆ ಗೊತ್ತಿರಲಿಲ್ಲ. ಆದರೂ ಬ್ರಿಟನ್ನು, ಅಮೆರಿಕದ ವಯಸ್ಸಾದ ಗಿಟಾರಿಗರೆಲ್ಲ ಅವರ ಮಾತನ್ನೇ ಪಾಲಿಸುತ್ತಿದ್ದಾರೆ. ಏನಂದರೆ, ಇವರು "ಹೋಗ್ತೀನಿ" ಅನ್ನುವುದನ್ನು ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕಿಸುತ್ತಾರೆ. "ಬರ್ತೀನಿ" ಅನ್ನುವುದನ್ನು ಟಿಕೆಟ್ ದುಡ್ಡು ಎಣಿಸಿಕೊಂಡ ಮೇಲೆ ಹೇಳುತ್ತಾರೆ.

ನಾನು ಈ ಬಲೆಗೆ ಬಿದ್ದದ್ದು 2015ರ ಮೇ ತಿಂಗಳಲ್ಲಿ. ಬ್ರಿಟನ್ನಿನ ಹೆಸರಾಂತ ಗಿಟಾರಿಗ ಎರಿಕ್ ಕ್ಲ್ಯಾಪ್ಟನ್‌ಗೆ ಆಗಷ್ಟೇ 70 ತುಂಬಿತ್ತು. ಎಪ್ಪತ್ತಾದರೆ ಟೂರ್ ನಿಲ್ಲಿಸುತ್ತೇನೆ ಎಂದು ಅವರು ಎರಡು ವರ್ಷ ಮೊದಲೇ ಹೇಳಿದ್ದರು. ಹುಟ್ಟುಹಬ್ಬದ ಲೆಕ್ಕದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ರಾತ್ರಿ ಕಛೇರಿ. ನಾವಿದ್ದದ್ದು ಪಕ್ಕದ ನ್ಯೂಜೆರ್ಸಿಯಲ್ಲಿ. "ಇದೇ ಕೊನೆ, ಇನ್ನು ನೋಡೋಕೆ ಸಿಗಲ್ಲ" ಎಂದು ಹೆಂಡತಿಯನ್ನು ಒಪ್ಪಿಸಿ, ಯಾವುದೋ ವೆಬ್‌ಸೈಟಿನಲ್ಲಿ ಎರಡು ಟಿಕೆಟ್ ತೆಗೆದೆ. ಟಿಕೆಟಿಗೆ ಒಂದು ಬೆಲೆ. ಆಮೇಲೆ ಸೇವಾ ಶುಲ್ಕ. ಆಮೇಲೆ ಇನ್ನೊಂದು ಶುಲ್ಕ. ಪ್ರಿಂಟ್ ತೆಗೆದದ್ದು ನಮ್ಮ ಮನೆಯಲ್ಲಿ, ನನ್ನ ಪೇಪರಿನಲ್ಲಿ, ನನ್ನ ಇಂಕಿನಲ್ಲಿ. ಅವರು ಮಾಡಿದ ಸೇವೆ ಏನೆಂದು ಇವತ್ತಿಗೂ ತಿಳಿದಿಲ್ಲ.

ಗಾರ್ಡನ್ ಅಂದರೆ ತೋಟ ಅಂದುಕೊಳ್ಳಬೇಡಿ. ರೈಲ್ವೆ ಸ್ಟೇಷನ್ನಿನ ನೆತ್ತಿಯ ಮೇಲೆ ಕೂತಿರುವ, ಸುಮಾರು 20 ಸಾವಿರ ಜನ ಹಿಡಿಸುವ ದುಂಡನೆಯ ಕಟ್ಟಡ ಅದು. ನಮ್ಮ ಸೀಟು ಮೇಲಿನ ಸಾಲಿನಲ್ಲಿತ್ತು. ಅಲ್ಲಿಂದ ಕ್ಲ್ಯಾಪ್ಟನ್ ಎಳ್ಳುಕಾಳಿನಷ್ಟು ಕಾಣಿಸಿದರು. ಹಾಗಾಗಿ ಎಲ್ಲರೂ ದೊಡ್ಡ ಪರದೆಯನ್ನೇ ನೋಡಿದೆವು. ಮುಂದಿನ ಸಾಲಿನ ಯಜಮಾನರೊಬ್ಬರು ಆ ಪರದೆಯನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. ಅವರ ಹಿಂದೆ ಕೂತ ನಾನು ಅವರ ಫೋನಿನಲ್ಲಿ ನೋಡುತ್ತಿದ್ದೆ. ಟಿವಿ ನೋಡಲು ರೈಲು ಹತ್ತಿ ಬಂದಂತಾಯಿತು.

ನುಡಿಸಿದ್ದರ ಬಗ್ಗೆ ಮಾತ್ರ ಕೊಂಕು ಇಲ್ಲ. ಆ ಮನುಷ್ಯನಿಗೆ 'ಸ್ಲೋಹ್ಯಾಂಡ್' ಅಂತ ಅಡ್ಡಹೆಸರು. ಮುಖ ಅಲ್ಲಾಡುವುದಿಲ್ಲ, ಕುಣಿತ ಇಲ್ಲ, ಮಾತೂ ಕಡಿಮೆ. ತಂತಿಯನ್ನು ಒಂದಿಷ್ಟು ಎಳೆದು ಹಿಡಿದರೆ ಸ್ವರ ಗಮಕದ ಹಾಗೆ ತೂಗುತ್ತದೆ. ಇನ್ನೆಂದೂ ಇದು ಕೇಳಿಸುವುದಿಲ್ಲವಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಕರವಸ್ತ್ರ ಕೊಟ್ಟಳು.

2017ರ ಮಾರ್ಚ್‌ನಲ್ಲಿ ಅದೇ ಗಾರ್ಡನ್, ಅದೇ ಕ್ಲ್ಯಾಪ್ಟನ್. ಮತ್ತೆ ಎರಡು ರಾತ್ರಿ. ಹೋದೆ. 2018ರ ಅಕ್ಟೋಬರಿನಲ್ಲಿ ಮತ್ತೆ. ಅದಕ್ಕೂ ಹೋದೆ. "ಏನ್ರೀ, ಕೊನೆ ಅಂದಿದ್ರಲ್ಲ?" ಅಂದಳು ಹೆಂಡತಿ. "ಹಿಂದಿನದು ಕೊನೆ ಅಲ್ಲ ಅಂತ ಗೊತ್ತಾಯ್ತಲ್ಲ, ಹಾಗಾಗಿ ಇದೇ ಕೊನೆ" ಅಂದೆ. ಕರವಸ್ತ್ರ ಮಾತ್ರ ಈ ಸಲ ಸಿಗಲಿಲ್ಲ.

ಅವರು ಮೋಸ ಮಾಡಿದರು ಅನ್ನುವಂತೆಯೂ ಇಲ್ಲ. ಟೂರ್ ನಿಲ್ಲಿಸುತ್ತೇನೆ ಅಂದಿದ್ದರೇ ಹೊರತು ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ ಬಿಡುತ್ತೇನೆ ಅಂದಿರಲಿಲ್ಲ. ಸಣ್ಣಕ್ಷರ ಓದದಿದ್ದದ್ದು ನನ್ನ ತಪ್ಪು. ಅಲ್ಲದೆ ಇವರಿಗೆ ವಿದಾಯ ಹೊಸದೇನಲ್ಲ. ಕ್ರೀಮ್ ಅನ್ನುವ ಮೂವರ ತಂಡದ ಜೊತೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ವಿದಾಯ ಹೇಳಿದ್ದು 1968ರ ನವೆಂಬರಿನಲ್ಲಿ, 23ನೇ ವಯಸ್ಸಿಗೆ. 2005ರಲ್ಲಿ ಅದೇ ಮೂವರು ಅದೇ ಹಾಲ್‌ಗೆ ವಾಪಸ್ ಬಂದು ನುಡಿಸಿದರು. ಮರೆತುಹೋದ ಛತ್ರಿ ತೆಗೆದುಕೊಂಡು ಹೋಗಲು ಬಂದವರ ಹಾಗೆ.

ಉಳಿದವರಿಗೆ ಹೋಲಿಸಿದರೆ ಕ್ಲ್ಯಾಪ್ಟನ್ ಹರಿಶ್ಚಂದ್ರ. 'ದಿ ಹೂ' ಅನ್ನುವ ರಾಕ್ ತಂಡ 1982ರಲ್ಲಿ ವಿದಾಯದ ಟೂರ್ ಮಾಡಿತು. 2025ರಲ್ಲಿ ಅಮೆರಿಕಕ್ಕೆ ಮತ್ತೊಂದು ವಿದಾಯದ ಟೂರ್. ನಮ್ಮ ನೆಂಟರು "ಬರ್ತೀವಿ" ಅಂತ ಎದ್ದು, ಕುಂಕುಮ ತಗೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಹತ್ತಿರ ಅರ್ಧ ಗಂಟೆ ಮಾತಾಡುತ್ತಾರೆ ಅಂತ ಗೊಣಗುತ್ತೇವೆ. ಇವರು ಗೇಟಿನಲ್ಲಿ 43 ವರ್ಷ ನಿಂತಿದ್ದಾರೆ. ಈಗಲ್ಸ್ ತಂಡದವರು 2003ರ ಟೂರಿಗೆ 'ವಿದಾಯ 1' ಅಂತಲೇ ಹೆಸರಿಟ್ಟರು. ಒಂದು ಅಂದ ಮೇಲೆ ಎರಡು ಇರಲೇಬೇಕಲ್ವಾ? ಕಿಸ್ ತಂಡ 2000ದಲ್ಲಿ ಬೀಳ್ಕೊಂಡಿತು. ಆಮೇಲೆ 2019ರಿಂದ 2023ರ ಡಿಸೆಂಬರ್ ತನಕ ಬೀಳ್ಕೊಳ್ಳುತ್ತಲೇ ಇತ್ತು. ಕೊನೆಯ ರಾತ್ರಿ ಕೊನೆಯ ಹಾಡು ಮುಗಿದದ್ದೇ ತಡ, ಕಂಪ್ಯೂಟರಿನಲ್ಲಿ ಮಾಡಿದ ತಮ್ಮ ಗೊಂಬೆಗಳನ್ನು ಪರದೆಯ ಮೇಲೆ ತಂದು ನಿಲ್ಲಿಸಿದರು. ಇನ್ನು ಮಂಡಿ ನೋವು, ಬೆನ್ನು ನೋವಿನ ಕಾಟವೂ ಇಲ್ಲ.

ಮಾಟ್ಲಿ ಕ್ರೂ ತಂಡದ್ದು ಇನ್ನೂ ಒಂದು ಕೈ ಮೇಲು. ಮತ್ತೆ ಟೂರ್ ಮಾಡುವುದಿಲ್ಲ ಎಂದು 2014ರಲ್ಲಿ ಪತ್ರಕರ್ತರನ್ನು ಕೂರಿಸಿಕೊಂಡು ಕರಾರು ಪತ್ರಕ್ಕೇ ಸಹಿ ಹಾಕಿದರು. 2019ರಲ್ಲಿ ಅದೇ ಪತ್ರವನ್ನು ಸಿಡಿಸುವ ವಿಡಿಯೊ ಬಿಟ್ಟು ಮತ್ತೆ ಬಂದರು. "ಇದೇ ನನ್ನ ಕೊನೆಯ ಚುನಾವಣೆ" ಅಂತ ಐದು ವರ್ಷಕ್ಕೊಮ್ಮೆ ಕಣ್ಣೀರು ಹಾಕುವ ನಮ್ಮ ನಾಯಕರಿಗೂ ಇಷ್ಟು ಧೈರ್ಯ ಬಂದಿಲ್ಲ.

ನಾವು ಇದಕ್ಕೆ ಹೊಸಬರಲ್ಲ. ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕುವ ನಾಟಕ ಕಂಪನಿಗಳು "ಇಂದೇ ಕೊನೆಯ ಆಟ" ಅಂತ ಮೈಕಿನಲ್ಲಿ ಕೂಗಿಸುವುದು, ಮಾರನೇ ದಿನ "ಪ್ರೇಕ್ಷಕರ ಒತ್ತಾಯದ ಮೇರೆಗೆ" ಮುಂದುವರಿಸುವುದು ಎಲ್ಲರಿಗೂ ಗೊತ್ತು. ಆದರೆ ಆ ಕಂಪನಿಯವರು ಕೊನೆಯ ಆಟ ಅಂತ ಟಿಕೆಟ್ ದರ ಏರಿಸುತ್ತಿರಲಿಲ್ಲ ಅಂತ ನನ್ನ ನೆನಪು.

ಇಂಥ ಕಛೇರಿಗಳಲ್ಲಿ ಪ್ರತಿ ರಾತ್ರಿಯೂ ಒಂದು ಪುಟ್ಟ ವಿದಾಯ ಇರುತ್ತದೆ. ವಾದಕರು ನಮಸ್ಕಾರ ಮಾಡಿ ಒಳಗೆ ಹೋಗುತ್ತಾರೆ. ಇನ್ನು ಬರುವುದೇ ಇಲ್ಲವೇನೋ ಎಂಬಂತೆ ಜನ ಕಿರುಚುತ್ತಾರೆ. ಆದರೆ ಯಾರೂ ಸೀಟು ಬಿಟ್ಟು ಏಳುವುದಿಲ್ಲ, ಯಾಕೆಂದರೆ ಹಾಲ್ ಲೈಟು ಹಾಕಿಲ್ಲ, ಅಂದರೆ ಅವರು ಮತ್ತೆ ಬಂದು ಇನ್ನೊಂದೆರಡು ಹಾಡು ನುಡಿಸುತ್ತಾರೆ. ಊಟದ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅನ್ನುತ್ತಲೇ ಬೆರಳ ಸಂದಿಯಲ್ಲಿ ಪಾಯಸ ಬೀಳುವಷ್ಟು ಜಾಗ ಬಿಡುತ್ತಾರಲ್ಲ, ಹಾಗೆ.

ಬ್ರಿಟನ್ನಿನ ಇನ್ನೊಬ್ಬ ಗಿಟಾರಿಗ ಜೆಫ್ ಬೆಕ್ ಇಂಥ ಯಾವ ತಂಟೆಗೂ ಹೋಗಲಿಲ್ಲ. 2022ರಲ್ಲಿ ಅಮೆರಿಕಕ್ಕೆ ಬಂದರು. 'ಕೊನೆ' ಅಂತ ಎಲ್ಲೂ ಬರೆದಿರಲಿಲ್ಲ. ಹೇಗೂ ಬರ್ತಾರೆ, ಮುಂದಿನ ಸಲ ನೋಡಿದರಾಯಿತು ಅಂತ ನಾನು ಸುಮ್ಮನಾದೆ. 2023ರ ಜನವರಿ 10ರಂದು ತೀರಿಕೊಂಡರು. 78 ವರ್ಷ. ಹೋಗ್ತೀನಿ ಅಂದವರಿಗೆಲ್ಲ ನಾನು ದುಡ್ಡು ಕೊಟ್ಟಿದ್ದೆ.

2025ರ ಏಪ್ರಿಲ್. ಹೆಂಡತಿ ಫೋನ್ ನೋಡುತ್ತಾ ಅಂದಳು: "ರೀ, ನಿಮ್ಮ ಕೊನೆಯವರು ಟೋಕಿಯೋದ ಬುಡೋಕಾನ್‌ನಲ್ಲಿ ನುಡಿಸ್ತಿದ್ದಾರಂತೆ. ಎಂಬತ್ತಾಯ್ತಂತೆ."

"ಅಯ್ಯೋ, ಎಂಬತ್ತಾ? ಇದೇ ಕೊನೆ ಇರಬೇಕು ಕಣೆ. ಟಿಕೆಟ್ ಎಷ್ಟಂತೆ?"