ವಿಭಕ್ತಿ ಹೇಳಿದರೆ ಆಟೋ ಬರುತ್ತಾ?

ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಕ್ಲಾಸಿಗೆ ಇವತ್ತು ಸುಮ್ನೆ ಇಣುಕಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಪಟ್ನಾದವರು, ವಿಜಯವಾಡದವರು, ಪಾಪ, ಭಾನುವಾರದ ನಿದ್ದೆ ಬಿಟ್ಟು ಬಂದಿದ್ದಾರೆ. ಬೋರ್ಡ್ ಮೇಲೆ ಏಳು ವಿಭಕ್ತಿ! ಎಲ್ಲರೂ "ಪಂಚಮೀ, ದೆಸೆಯಿಂದ" ಅಂತ ರಾಗ ಎಳೆಯುತ್ತಿದ್ದಾರೆ. "ಮರದ ದೆಸೆಯಿಂದ ಎಲೆ ಬಿತ್ತು" ಅಂತ ಯಾರ್ರೀ ಮಾತಾಡುತ್ತಾರೆ? ಕತ್ತಿಯಿಂದ ಕೊಯ್ದರೂ ತೃತೀಯೆಯ 'ಇಂದ', ಮರದಿಂದ ಬಿದ್ದರೂ ಅದೇ 'ಇಂದ'. ಸಂಸ್ಕೃತದ ಲೆಕ್ಕ ಸರಿಹೋಗಲಿ ಅಂತ ಪಂಚಮಿಯನ್ನು ಸಾಕಿಕೊಂಡಿದ್ದೇವೆ. ಕನ್ನಡದ ವ್ಯಾಕರಣವನ್ನು ಕನ್ನಡ ನೋಡಿಯೇ ಬರೆಯಬೇಕು ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಎಷ್ಟು ಬರೆದರು! ನಾವು ಅವರು ಮಹಾಪ್ರಾಣ ಅಕ್ಷರ ಬೇಡ ಅಂದ ವಿಷಯಕ್ಕೆ ಜಗಳ ಆಡಿದೆವು. ಉಳಿದದ್ದನ್ನು ಓದಲೇ ಇಲ್ಲ.

ನನ್ನ ಭಾಷಾವಿಜ್ಞಾನದ ಎಂ.ಎ. ಬಗ್ಗೆ ನೀವೆಲ್ಲ ಮಾಡುವ ತಮಾಷೆ ಗೊತ್ತು. ಇರಲಿ. ವಿಲಿಯಂ ಬ್ರೈಟ್ ಅನ್ನೋ ಅಮೆರಿಕದ ವಿದ್ವಾಂಸ 1958ರಲ್ಲೇ ನಮ್ಮ ಆಡುಮಾತಿನ ವ್ಯಾಕರಣ ಬರೆದಿದ್ದ. ನಮ್ಮ ಕ್ಲಾಸಿನಲ್ಲಿ ಇವತ್ತಿಗೂ "ನಾನು ಹೋಗುತ್ತೇನೆ". ಇವರು ಕಷ್ಟಪಟ್ಟು ಅದನ್ನು ಕಲಿತು ಅಂಗಡಿಗೆ ಹೋದರೆ, ಅಲ್ಲಿ ಕೇಳೋದು "ಹೋಗ್ತೀನಿ".

ಇನ್ನೊಂದು ನೋಡಿ. "ಡಾಕ್ಟರ್ ಇಲ್ಲ", "ಡಾಕ್ಟರ್ ಅಲ್ಲ". ಹಿಂದಿಯವರಿಗೆ ಎರಡೂ 'ನಹೀ'. ಅವರು ಎಲ್ಲ ಕಡೆ 'ಇಲ್ಲ' ಅಂದುಬಿಡುತ್ತಾರೆ. ತೆಲುಗಿನವರಿಗೆ ಲೇದು (ಇಲ್ಲ), ಕಾದು (ಅಲ್ಲ) ಎರಡೂ ಮನೆಯಲ್ಲೇ ಇವೆ, ಅವರಿಗೆ ಇದು ಪಾಠವೇ ಅಲ್ಲ. ಕಲಿಯುವವರ ತಾಯ್ನುಡಿಯನ್ನೂ ಕಲಿಯುವ ಭಾಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಂತ ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1957ರಲ್ಲಿ ಹೇಳಿದ. ತಾಯ್ನುಡಿ ನೋಡಿದರೆ ಎಲ್ಲ ತಪ್ಪನ್ನೂ ಮೊದಲೇ ಹೇಳಬಹುದು ಅನ್ನೋದು ಆಮೇಲೆ ನಿಲ್ಲಲಿಲ್ಲ, ನಿಜ. ಆದರೆ ಈ 'ಇಲ್ಲ, ಅಲ್ಲ'ದ ಎಡವಟ್ಟು ನಮ್ಮ ಲಿಫ್ಟಿನಲ್ಲೇ ದಿನಾ ಕೇಳುತ್ತೆ. ಅದಕ್ಕೆ ಸಂಶೋಧನೆ ಬೇಡ, ಕಿವಿ ಸಾಕು.

"ನಾವೂ ಹೀಗೇ ಕಲಿತೆವಲ್ಲ" ಅಂದರು ಪಕ್ಕದ ಫ್ಲಾಟಿನ ಅಂಕಲ್. ಇಲ್ಲ ಅಂಕಲ್! ನೀವು ಶಾಲೆಗೆ ಹೋಗುವ ಹೊತ್ತಿಗೆ ಕನ್ನಡದಲ್ಲೇ ಅತ್ತು, ಜಗಳ ಆಡಿ, ಸುಳ್ಳು ಹೇಳಿ ಮುಗಿಸಿದ್ದಿರಿ. ವಿಭಕ್ತಿ ಪಾಠ ಬಂದಿದ್ದು ಅದರ ಮೇಲೆ. ಇವರ ಹತ್ತಿರ ಆ ಕೆಳಗಿನದ್ದೇ ಇಲ್ಲ. ಅಷ್ಟು ಸಣ್ಣ ವಿಷಯ. ಲಿಪಿ ಬೇಡವಾ ಅಂತ ಕೇಳಬೇಡಿ. ಬೇಕು, ನಾಲ್ಕು ಮಾತು ಬಂದಮೇಲೆ.

ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಬೇರೆ ರಾಜ್ಯದ ಮೇಷ್ಟ್ರುಗಳನ್ನು ಕೂರಿಸಿಕೊಂಡು ಕನ್ನಡ ಕಲಿಸುತ್ತಾ ಬಂದವರು ಅವರು. ಒಂದು ಫೋನ್ ಮಾಡಿ ಕೇಳಬಹುದಿತ್ತು ಅಲ್ವಾ? ಹೊರಗಿನವರು ಕನ್ನಡ ಕಲಿಯಲ್ಲ ಅಂತ ಬೈಯೋಕೆ ಮಾತ್ರ ನಮಗೆ ಪುರುಸೊತ್ತು ಜಾಸ್ತಿ.

ಹೌದು, ನನ್ನನ್ನು ಕರೆಯಲಿಲ್ಲ ಅನ್ನೋ ಹೊಟ್ಟೆಕಿಚ್ಚೂ ಸ್ವಲ್ಪ ಇದೆ. "ಹಾಗಾದ್ರೆ ನೀವೇ ಕಲಿಸಿ" ಅಂತೀರಾ? ಕಲಿಸುತ್ತೇನೆ. ಮೊದಲ ತಿಂಗಳು ಯಾರೂ ಪೆನ್ನು ಮುಟ್ಟಬಾರದು, ಅಂಕಲ್ ಒಳಗೆ ಬರಬಾರದು.