ಹನ್ನೊಂದನೇ ಡೆಸ್ಕ್‌ಟಾಪ್ ಯಾಕೆ ಬರಲಿಲ್ಲ? ನನ್ನನ್ನು ಕೇಳಬೇಡಿ

ನಮ್ಮ ಕಾಲೇಜ್ ಲ್ಯಾಬ್‌ಗೆ ವರ್ಚುವಲ್ ಡೆಸ್ಕ್‌ಟಾಪ್ ಹಾಕೋಕೆ ಒಂದು ಓಯು ಕೇಳಿದ್ದೆ. ಓಯು ಅಂದರೆ ಡೊಮೇನ್‌ನಲ್ಲಿ, ಅಂದರೆ ನಮ್ಮೆಲ್ಲ ಯೂಸರ್, ಮಷೀನ್‌ಗಳು ಸೇರಿರುವ ನೆಟ್‌ವರ್ಕ್‌ನಲ್ಲಿ, ಮಷೀನ್‌ಗಳನ್ನು ಗುಂಪು ಮಾಡಿ ಇಡುವ ಫೋಲ್ಡರ್ ಇದ್ದಂಗೆ. ಅದರಲ್ಲಿ ಕಂಪ್ಯೂಟರ್ ಅಕೌಂಟ್ ಮಾಡುವ, ಅಳಿಸುವ ಹಕ್ಕಿರುವ ಒಂದು ಸರ್ವೀಸ್ ಅಕೌಂಟ್, ಅಂದರೆ ಮನುಷ್ಯರಿಗಲ್ಲ, ಸಾಫ್ಟ್‌ವೇರ್‌ಗೆ ಕೊಡುವ ಅಕೌಂಟ್. ಅಷ್ಟೇ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕೇಳಿದೆನಾ? ಇಲ್ವಲ್ಲ. ಡೊಮೇನ್ ನೋಡಿಕೊಳ್ಳುವ ಬೆಂಗಳೂರಿನವನಿಂದ ಬಂದ ಉತ್ತರ: "ಯಾವ ಯೂಸರ್ ಬೇಕಾದರೂ ಮಷೀನ್ ಸೇರಿಸಬಹುದು, ಡೆಲಿಗೇಷನ್ ಎಲ್ಲ ಬೇಕಿಲ್ಲ." ಡೆಲಿಗೇಷನ್ ಅಂದರೆ ನಾನು ಕೇಳಿದ ಆ ಹಕ್ಕು ಕೊಡೋದು. ಸೇರಿಸಬಹುದು ಸ್ವಾಮಿ. ಹತ್ತೇ ಹತ್ತು! ಡೊಮೇನ್ ನಡೆಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಮಾಮೂಲಿ ಯೂಸರ್‌ಗೆ ಇರುವ ಕೋಟಾ ಅದು. ಅದನ್ನೂ ಮೇಲ್‌ನಲ್ಲಿ ಬರೆದಿದ್ದೆ. ಯಾರು ಓದ್ತಾರೆ?

ಇವತ್ತು ಲ್ಯಾಬ್ ತುಂಬ ಜನ. ಮ್ಯಾನೇಜ್‌ಮೆಂಟ್‌ನವರು, ಎಲ್ಲ ವಿಭಾಗದ ಮುಖ್ಯಸ್ಥರು, ದಾವಣಗೆರೆ ಬಿಸಿಲು ಬೇರೆ. ಪ್ರೊಜೆಕ್ಟರ್‌ನಲ್ಲಿ ವರ್ಚುವಲ್ ಡೆಸ್ಕ್‌ಟಾಪ್‌ಗಳು ಒಂದೊಂದೇ ಹಸಿರಾಗುತ್ತಾ ಬಂದವು. ಹತ್ತಾಯಿತು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಹನ್ನೊಂದನೆಯದು ನಿಂತಿತು. ನಿಂತೇ ಇತ್ತು. ಆಮೇಲೆ ಕೆಂಪು. ಅದರ ಕೆಳಗಿನವೂ ಕೆಂಪು. ನೀವು ಸೇರಿಸಬಹುದಾದ ಕಂಪ್ಯೂಟರ್‌ಗಳ ಮಿತಿ ಮೀರಿದೆ ಅನ್ನುವ ಎರರ್ ಗೋಡೆ ಮೇಲೆ ಮೊಳದುದ್ದ ಅಕ್ಷರದಲ್ಲಿ. "ಏನ್ರೀ, ಬೆಣ್ಣೆ ದೋಸೆ ತಿಂದು ಬರೋಷ್ಟರಲ್ಲಿ ಆಗುತ್ತಾ?" ಅಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ಲ್ಯಾಬ್ ಅಟೆಂಡರ್ ಕೂಡ. ನಾನೂ ನಕ್ಕೆ, ಅದೇ ಹೊಟ್ಟೆ ಉರಿಯೋದು.

ಬೆಂಗಳೂರಿನ ಆ ಪುಣ್ಯಾತ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಅವನು ಒಂದು ಚೂರೂ ತಡವರಿಸಲಿಲ್ಲ. "ಲೋಕಲ್ ಟೀಮ್ ಪ್ಲ್ಯಾನಿಂಗ್ ಸರಿ ಇಲ್ಲ ಸರ್." ಲೋಕಲ್ ಟೀಮ್ ಅಂದರೆ ನಾನು. ನಾನೊಬ್ಬನೇ. ಟೀಮ್ ಲೀಡರೂ ನಾನೇ, ಕೇಬಲ್ ಎಳೆಯುವವನೂ ನಾನೇ, ಪ್ರಿಂಟರ್‌ನಲ್ಲಿ ಸಿಕ್ಕ ಪೇಪರ್ ಕೀಳುವವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೋಗಲಿ ಬಿಡಿ, ನನ್ನದೇನು ಗಂಟು ಹೋಗುತ್ತೆ. ಇಲ್ಲ, ಬಿಡೋದು ಹೇಗೆ? ಡೊಮೇನ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಉತ್ತರ ಕೊಡಿ. ಒಂದು ಓಯು ಕೊಟ್ಟರೆ ನಿಮಗೇನು ನಷ್ಟ? ಈಗ ಬಂದಿರುವ ಹತ್ತೂ ಡಿಫಾಲ್ಟ್ ಕಂಪ್ಯೂಟರ್ಸ್ ಕಂಟೇನರ್‌ನಲ್ಲಿ ಬಿದ್ದಿವೆ. ಅದು ಓಯು ಅಲ್ಲ, ಅದಕ್ಕೆ ಗ್ರೂಪ್ ಪಾಲಿಸಿ, ಅಂದರೆ ಮಷೀನ್, ಯೂಸರ್‌ಗಳಿಗೆ ಹಾಕುವ ನಿಯಮ, ಲಿಂಕ್ ಆಗೋದೇ ಇಲ್ಲ. ಲೂಪ್‌ಬ್ಯಾಕ್ ಎಲ್ಲಿ ಹಾಕಲಿ, ನನ್ನ ತಲೆ ಮೇಲಾ? ಲ್ಯಾಬ್‌ನಲ್ಲಿ ಯಾರು ಲಾಗಿನ್ ಆದರೂ ಲ್ಯಾಬ್‌ನ ಪಾಲಿಸಿಯೇ ಬರಬೇಕು ಅಂತ ನನಗೇ ಆರ್ಡರ್ ಬೇರೆ, ಲೂಪ್‌ಬ್ಯಾಕ್ ಅನ್ನೋ ಸೆಟ್ಟಿಂಗ್ ಇರೋದೇ ಅದಕ್ಕೆ.

ಸುಮ್ನೆ ಇದ್ದುಬಿಡೋಣ ಅಂದುಕೊಂಡು ಕೂತಿದ್ದೆ. ಈಗ ಮೇಲ್ ಬಂತು. ಸಮಸ್ಯೆ ಬಗೆಹರಿದಿದೆಯಂತೆ. ಕೋಟಾ 10 ಇದ್ದದ್ದನ್ನು 100 ಮಾಡಿದ್ದಾರಂತೆ. ಇಡೀ ಡೊಮೇನ್‌ಗೆ! ಸೆಕ್ಯುರಿಟಿ ಗೊತ್ತಿರುವವರು ಅದನ್ನು ಸೊನ್ನೆಗೆ ಇಳಿಸಿ ಅಂತ ಬಾಯಿ ಬಡಿದುಕೊಳ್ಳುತ್ತಾರೆ. ಇವರು ನೂರು ಮಾಡಿ ಕೂತಿದ್ದಾರೆ. ಇನ್ನು ಫಸ್ಟ್ ಇಯರ್ ಹುಡುಗ ಕೂಡ ತಲಾ ನೂರು ಮಷೀನ್ ಸೇರಿಸಬಹುದು. ಓಯು ವಿಷಯಕ್ಕೆ ಟಿಕೆಟ್ ಹಾಕಬೇಕಂತೆ.